ಪೋಲಿಗಳ ಆತ್ಮಕಥೆ

ಕೇಳುಗರಿಗೆ ನಮಸ್ಕಾರ.

ಇಂದಿನ ಜೆಕ್ ದೇಶಕ್ಕೆ ಸೇರಿದ ಬೊಹೀಮಿಯಾದ ಡುಕ್ಸ್ ಎಂಬ ಊರಿನ ಕೋಟೆಯಲ್ಲಿ ಒಬ್ಬ ಮುದುಕ ಗ್ರಂಥಪಾಲಕನಿದ್ದ. ಬೆಳಗಾದರೆ ಆಳುಗಳ ಜೊತೆ ಜಗಳ. ಕಾಫಿ ಸರಿಯಿಲ್ಲ, ಹಾಲು ಸರಿಯಿಲ್ಲ, ಮ್ಯಾಕರೋನಿ ಬೆಂದದ್ದು ಸರಿಯಿಲ್ಲ. ಆಳುಗಳು ಅವನನ್ನು ಆಡಿಕೊಂಡು ನಗುತ್ತಿದ್ದರು. ಅವನೋ ಬಾಗಿಲು ಹಾಕಿಕೊಂಡು ದಿನಕ್ಕೆ ಹದಿಮೂರು ಗಂಟೆ ಬರೆಯುತ್ತಿದ್ದನಂತೆ. ಆ ಮುದುಕ ವೆನಿಸ್ಸಿನ ಜಾಕೊಮೊ ಕಾಸನೋವಾ.

1798ರಲ್ಲಿ ತೀರಿಕೊಂಡಾಗ ಅವನು ಬಿಟ್ಟುಹೋದದ್ದು ಫ್ರೆಂಚ್ ಭಾಷೆಯ ಸುಮಾರು 3,700 ಪುಟಗಳ ಆತ್ಮಕಥೆಯ ಹಸ್ತಪ್ರತಿ. ಅದನ್ನು 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಎಪ್ಪತ್ತು ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಪಡೆದುಕೊಂಡಿತು. ಬದುಕಿದ್ದಾಗ ಸಾಲಗಾರರಿಗೆ ಹೆದರಿ ಊರೂರು ಬಿಟ್ಟವನ ಕಾಗದಕ್ಕೆ ಇಷ್ಟು ಬೆಲೆ!

ಅದರಲ್ಲಿ ಇರುವುದಾದರೂ ಏನು? ಹೆಣ್ಣು, ಜೂಜು, ಸಾಲ, ಸೆರೆಮನೆ. ಗುಹ್ಯರೋಗ ತಗುಲಿಸಿಕೊಂಡು ಪಥ್ಯ ಮಾಡಿದ್ದನ್ನೂ ಮುಚ್ಚಿಟ್ಟಿಲ್ಲ. ಗುಟ್ಟು ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಬರೀ ಜಂಬ ಕೊಚ್ಚಿಕೊಳ್ಳುವವನನ್ನು ನಾವು ಎದ್ದು ಹೋಗಲು ಬಿಡುತ್ತೇವೆ. ಮಾನ ಹೋದದ್ದನ್ನು ತಾನೇ ಹೇಳಿಕೊಂಡವನನ್ನು ಮಾತ್ರ ಕೂರಿಸಿ ಕೇಳುತ್ತೇವೆ, ಕೇಳುತ್ತಾ ನಂಬುತ್ತೇವೆ.

ಲಂಡನ್ನಿನ ಪ್ರಸಂಗವನ್ನೇ ನೋಡಿ. ವಯಸ್ಸು ನಲವತ್ತರ ಹತ್ತಿರ. ಶಾರ್ಪಿಯೋಂ ಎಂಬ ಹದಿಹರೆಯದ ಹುಡುಗಿ ಅವನ ಹಣ ಬಿಚ್ಚಿಸಿ, ಕೈಗೆ ಸಿಗದೆ ಆಟವಾಡಿಸುತ್ತಾಳೆ. ಕೊನೆಗೆ ಅವಳು ಸಾಯುವ ಸ್ಥಿತಿಯಲ್ಲಿದ್ದಾಳೆಂಬ ಸುದ್ದಿ ಬರುತ್ತದೆ. ಇವನು ಜೇಬಿನ ತುಂಬಾ ಸೀಸ ತುಂಬಿಕೊಂಡು ಥೇಮ್ಸ್ ನದಿಗೆ ಹಾರಲು ಹೊರಡುತ್ತಾನೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಪರಿಚಯದ ಗೆಳೆಯನೊಬ್ಬ ಸಿಕ್ಕಿ, ‘ಬಾರಯ್ಯ’ ಎಂದು ಎಳೆದುಕೊಂಡು ಹೋಗುತ್ತಾನೆ. ಸೀಸ ಜೇಬಿನಲ್ಲೇ ಇದೆ. ಅಲ್ಲಿ ಇಲ್ಲಿ ಸುತ್ತಿ ರ‍್ಯಾನಲಾಗ್ ಎಂಬ ವಿಹಾರತಾಣಕ್ಕೆ ಹೋದರೆ, ಸಾಯಬೇಕಿದ್ದ ಹುಡುಗಿ ಅಲ್ಲಿ ಕುಣಿಯುತ್ತಿದ್ದಾಳೆ! ಆಮೇಲೆ ಇವನು ತೀರಿಸಿಕೊಂಡ ಸೇಡೋ? ಒಂದು ಗಿಳಿ ಕೊಂಡು, ಅವಳನ್ನೂ ಅವಳ ತಾಯಿಯನ್ನೂ ಬಯ್ಯುವ ಒಂದು ವಾಕ್ಯ ಬಾಯಿಪಾಠ ಮಾಡಿಸಿ ಮಾರಾಟಕ್ಕೆ ಕಳಿಸಿದ. ಆ ವಾಕ್ಯವನ್ನು ಆಕಾಶವಾಣಿಯಲ್ಲಿ ಹೇಳುವ ಹಾಗಿಲ್ಲ.

ನಗು ಬರುತ್ತದೆ, ನಿಜ. ಆದರೆ ಅದೇ ಹುಡುಗಿಯ ಮೇಲೆ ತಾನು ಕೈಮಾಡಿದ್ದನ್ನೂ ಅವನು ಅದೇ ಕಥೆಯಲ್ಲಿ ಬರೆದಿದ್ದಾನೆ. ಗಿಳಿಯ ಗದ್ದಲದಲ್ಲಿ ಅದು ನಮಗೆ ಮರೆತೇ ಹೋಗುತ್ತದೆ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಒಂಥರಾ ಮುಂಗಡ ಪಾವತಿ: ಕೊಟ್ಟ ಮೇಲೆ ಉಳಿದದ್ದಕ್ಕೆಲ್ಲ ಮಾಫಿ.

ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಇಂಥ ಕಥೆ ಹೇಳುವವರಿಗೆ ಬರವಿಲ್ಲ. ಪುಸ್ತಕ ಮಾಡುವವರು ಕಡಿಮೆ. ಮನೆಯವರು ಓದಿಬಿಟ್ಟರೆ ಕಷ್ಟವಲ್ಲವೇ!

ಅಮೆರಿಕದಲ್ಲಿ ಆ ಹೆದರಿಕೆಯಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ಟಕರ್ ಮ್ಯಾಕ್ಸ್ ತನ್ನ ಕುಡಿತ, ವಾಂತಿ, ಹೆಂಗಸರ ಸಹವಾಸವನ್ನೆಲ್ಲ ಮೊದಲು ಇಂಟರ್‌ನೆಟ್ಟಿನಲ್ಲಿ ಬರೆದ, 2006ರಲ್ಲಿ ಪುಸ್ತಕ ಮಾಡಿದ. ಕಾಲೇಜು ಹುಡುಗರು ಮುಗಿಬಿದ್ದರು. ಹೆಚ್ಚು ಮಾರಾಟವಾಗುವ ಪುಸ್ತಕಗಳ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ಕಾಣಿಸಿಕೊಂಡಿತು. ಈ ಬಗೆಯ ಬರಹಕ್ಕೆ ಪತ್ರಿಕೆಗಳು ಒಂದು ಹೊಸ ಹೆಸರನ್ನೇ ಇಟ್ಟವು. 2009ರಲ್ಲಿ ಸಿನಿಮಾ ಬಂತು, ನೆಲಕಚ್ಚಿತು.

ಸೋಲಿಗೆ ಕಾರಣ ಹಲವಿರಬಹುದು. ನನಗೆ ಹೊಳೆಯುವುದು ಒಂದು. ಪುಸ್ತಕದಲ್ಲಿ ಕೇಳುವುದು ಅವನೊಬ್ಬನ ದನಿ. ಯಾರು ದಡ್ಡರು, ಯಾರು ಚೆಲುವೆ ಎಲ್ಲ ಅವನು ಹೇಳಿದಂತೆ. ತೆರೆಯ ಮೇಲೆ ಎದುರಿಗಿದ್ದವಳ ಮುಖವೂ ಕಾಣುತ್ತದೆ. ಅವಳು ನಗುತ್ತಿಲ್ಲ ಎಂದಾದರೆ ಟಿಕೆಟ್ ಕೊಂಡವನು ಹೇಗೆ ನಕ್ಕಾನು? 2012ರಲ್ಲಿ ಮ್ಯಾಕ್ಸ್ ತಾನೇ ಇಂಥ ಬರವಣಿಗೆ ಸಾಕೆಂದ.

ಕಾಸನೋವಾನನ್ನು ನಾನಂತೂ ಇನ್ನೂ ಓದುತ್ತೇನೆ, ನಗುತ್ತೇನೆ. ಶಾರ್ಪಿಯೋಂ ಲಂಡನ್ನಿನ ಆ ತಿಂಗಳುಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದರೆ, ಮೊದಲು ಅದನ್ನೇ ಕೊಳ್ಳುತ್ತಿದ್ದೆ.

ನಮಸ್ಕಾರ.