ಆಸ್ತಿ ಇದೆ ಸರಿ, ದುಡ್ಡು ಯಾವಾಗ ಕೈಗೆ ಬರುತ್ತದೆ?

ಕೇಳುಗರೇ, ನಮಸ್ಕಾರ. ಪ್ರೈವೇಟ್ ಬ್ಯಾಂಕಿಂಗ್ ಅಂದ ಕೂಡಲೇ ಖಾಸಗಿ ಬ್ಯಾಂಕು ಅಂದುಕೊಳ್ಳಬೇಡಿ. ಭಾರೀ ಶ್ರೀಮಂತರ ಹಣ ನೋಡಿಕೊಳ್ಳೋಕೆ ಅಂತಲೇ ಬ್ಯಾಂಕುಗಳು ಇಟ್ಟಿರುವ ವಿಭಾಗ ಅದು. ಅಲ್ಲಿ ಸಾಲ ಕೊಡುವವರ ಪಾಡು ವಿಚಿತ್ರ. ಎದುರಿಗೆ ಕೂತವರ ಆಸ್ತಿ ಅವರು ಕೇಳುವ ಸಾಲದ ಹತ್ತು ಪಟ್ಟು ಇರುತ್ತದೆ. ಇಂಥವರ ಮೇಲೆ ಅನುಮಾನ ಯಾಕೆ, ಅಲ್ವಾ?

ಎಡವಟ್ಟು ಶುರುವಾಗುವುದೇ ಅಲ್ಲಿ. ಬಂಗಲೆ, ಜಮೀನು, ಸ್ವಂತ ಕಂಪನಿಯ ಪಾಲು ಎಲ್ಲ ಕಾಗದದ ಮೇಲೆ ಕೋಟಿ ಲೆಕ್ಕದಲ್ಲಿರುತ್ತವೆ, ಆದರೆ ಒಂದು ವಾರದೊಳಗೆ ಮಾರಿ ಅಂದರೆ ಕೊಳ್ಳುವವರು ಸಿಗುವುದಿಲ್ಲ.

ಅದಕ್ಕೇ ಷೇರು, ಬಾಂಡು ಒತ್ತೆ ಇಟ್ಟುಕೊಂಡು ಕೊಡುವ ಸಾಲ ಜಾಸ್ತಿ. ಲೊಂಬಾರ್ಡ್ ಸಾಲ ಅಂತಾರೆ. 100 ಕೋಟಿಯ ಷೇರಿಗೆ 60 ಕೋಟಿ ಕೊಟ್ಟರು ಅನ್ನಿ. ಸಾಲ ಒತ್ತೆಯ ಬೆಲೆಯ ಶೇ. 75 ಮುಟ್ಟಿದರೆ ಮಾರ್ಜಿನ್ ಕಾಲ್, ಅಂದರೆ ಇನ್ನಷ್ಟು ಒತ್ತೆ ಇಡಿ ಇಲ್ಲವೇ ಸ್ವಲ್ಪ ಸಾಲ ತೀರಿಸಿ ಅನ್ನುವ ಕರೆ, ಅಂತ ಕರಾರು. ಷೇರು 80 ಕೋಟಿಗೆ ಇಳಿದ ದಿನವೇ ಬ್ಯಾಂಕಿನಿಂದ ಫೋನು! ಹತ್ತಾರು ಕಂಪನಿಗಳ ಷೇರಾದರೆ ಪರವಾಗಿಲ್ಲ. ಸಾಲ ಕೇಳುವವರು ತಾವೇ ಕಟ್ಟಿದ ಒಂದೇ ಕಂಪನಿಯ ಷೇರು ತಂದಿಟ್ಟರೆ ಮಾತ್ರ ನನಗೆ ಭಯ, ಯಾಕಂದರೆ ಕಂಪನಿ ಮುಗ್ಗರಿಸಿದ ದಿನ ಅವರ ಸಂಬಳ, ಡಿವಿಡೆಂಡ್, ಒತ್ತೆ ಮೂರೂ ಒಟ್ಟಿಗೇ ಕುಸಿಯುತ್ತವೆ, ಅಷ್ಟೊಂದು ಷೇರನ್ನು ಬ್ಯಾಂಕು ಮಾರಲು ಹೊರಟರೆ ಬೆಲೆ ಇನ್ನೂ ಬೀಳುತ್ತದೆ.

ಬೇರೆ ಕಡೆ ಎಷ್ಟು ಸಾಲವಿದೆ ಅನ್ನುವುದೂ ಗೊತ್ತಿರಬೇಕು. 2021ರ ಮಾರ್ಚ್‌ನಲ್ಲಿ ಆರ್ಕೆಗೋಸ್ ಮುಳುಗಿತಲ್ಲ, ಬಿಲ್ ಹ್ವಾಂಗ್ ಅವರ ಸ್ವಂತ ಸಂಪತ್ತು ನೋಡಿಕೊಳ್ಳುತ್ತಿದ್ದ ಅಮೆರಿಕದ ಸಂಸ್ಥೆ. ಅದಕ್ಕೆ ಸಿಕ್ಕ ಸಾಲ ಪ್ರೈವೇಟ್ ಬ್ಯಾಂಕಿಂಗ್ ವಿಭಾಗದ್ದಲ್ಲ, ನಿಜ. ಆದರೆ ಕಾಯಿಲೆ ಅದೇ. ಹಲವು ಬ್ಯಾಂಕುಗಳು ಅದೇ ಕೆಲವು ಷೇರುಗಳ ಮೇಲೆ ಸಾಲ ಕೊಟ್ಟಿದ್ದವು, ಒಬ್ಬೊಬ್ಬರಿಗೂ ತಮ್ಮ ತುಂಡಷ್ಟೇ ಕಾಣುತ್ತಿತ್ತು. ಕ್ರೆಡಿಟ್ ಸ್ವೀಸ್ ಒಂದೇ ಸುಮಾರು 550 ಕೋಟಿ ಡಾಲರ್ ಕಳೆದುಕೊಂಡಿತು.

ಇನ್ನು ತಮ್ಮನ ಕಂಪನಿಗೋ ಅಳಿಯನ ಸಾಲಕ್ಕೋ ಹಾಕಿದ ಜಾಮೀನು ಸಹಿ. ಅದು ಯಾವ ಪಟ್ಟಿಯಲ್ಲೂ ಸುಲಭಕ್ಕೆ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಲೇಬೇಕು. ಗಿರಾಕಿಯ ಜತೆ ವರ್ಷಗಟ್ಟಲೆ ಸ್ನೇಹ ಬೆಳೆಸಿದ ರಿಲೇಶನ್‌ಶಿಪ್ ಮ್ಯಾನೇಜರ್‌ಗೆ ಈ ಪ್ರಶ್ನೆ ಕೇಳೋಕೆ ಮುಜುಗರ, ಅವರ ಬೋನಸ್ಸೂ ಅದೇ ಗಿರಾಕಿಯ ವ್ಯವಹಾರದಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಸಾಲಕ್ಕೆ ಹೂಂ ಅನ್ನುವ ಅಧಿಕಾರ ಬೇರೆ ಕೋಣೆಯಲ್ಲಿ ಕೂತವರ ಕೈಲಿರಬೇಕು, ಆ ಗಿರಾಕಿಯ ಮನೆ ಮದುವೆಗೆ ಕರೆ ಬರದವರ ಕೈಲಿ.