ಪ್ರದರ್ಶನದ ಮೇಜಿನಿಂದ ಕಪಾಟಿಗೆ ಎಷ್ಟು ಹೆಜ್ಜೆ?

ನಮಸ್ಕಾರ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ನಡೆಯುವ ಕಾರ್ಯಕ್ರಮಗಳು ಮತ್ತು ಪ್ರದರ್ಶನಗಳ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ. ವಿಷಯ ಕೇಳಿದೊಡನೆ ನಿಮ್ಮಲ್ಲಿ ಕೆಲವರ ಕಣ್ಣ ಮುಂದೆ ಫ್ಲೆಕ್ಸು, ಶಾಲು, ಹಾರ ಮತ್ತು ಒಂದು ತಾಸು ತಡವಾಗಿ ಬಂದ ಅಧ್ಯಕ್ಷರು ಸುಳಿದು ಹೋಗಿರಬಹುದು. ನನ್ನ ತಕರಾರು ಅಷ್ಟಕ್ಕೇ ಮುಗಿಯುವಂಥದ್ದಲ್ಲವಾದ್ದರಿಂದ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ.

ನಮ್ಮ ಗದಗ ಸೀಮೆಯ ಒಂದು ಗ್ರಂಥಾಲಯದಲ್ಲಿ ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಪ್ರದರ್ಶನ ನೋಡಿದೆ. ಗದಗನ್ನು ಮುದ್ರಣ ಕಾಶಿ ಎಂದು ಕರೆಯುವ ರೂಢಿ ನಿಮಗೆ ಗೊತ್ತೇ ಇದೆ. ಆ ಹೆಸರಿಗೆ ತಕ್ಕಂತೆ, ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತ ಆಯುಷ್ಯ ಸವೆಸಿದ ಒಬ್ಬ ನಿವೃತ್ತ ಕಂಪೋಸಿಟರ್ ಹಿರಿಯರನ್ನು ಕರೆತಂದು, ಅವರ ಮುಂದೆ ಖಾನೆಗಳಿರುವ ಹಳೆಯ ಮರದ ಕೇಸು, ಅಕ್ಷರ ಜೋಡಿಸುವ ಕಂಪೋಸಿಂಗ್ ಸ್ಟಿಕ್ಕು ಮತ್ತು ಸೀಸದ ಮೊಳೆಗಳನ್ನು, ಅಂದರೆ ಅಚ್ಚಿನ ಅಕ್ಷರಗಳನ್ನು, ಇಟ್ಟಿದ್ದರು. ಶಾಲೆಯ ಮಕ್ಕಳು ಸುತ್ತ ನಿಂತಿದ್ದರು. ನಿಮ್ಮೂರು ಯಾವುದು ಎಂದು ಅವರು ಒಬ್ಬ ಹುಡುಗಿಯನ್ನು ಕೇಳಿದಾಗ ಆಕೆ ಲಕ್ಕುಂಡಿ ಎಂದಳು. ಆ ಹಿರಿಯರು ಕೇಸಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ನೂರಾರು ಖಾನೆಗಳ ನಡುವೆ ಅವರ ಬೆರಳು ತಾನೇ ದಾರಿ ಹುಡುಕಿಕೊಂಡು ಹೋಗಿ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿತು. ಕಕಾರದ ಒತ್ತನ್ನು ಹುಡುಕುವಾಗ ಮಾತ್ರ ಅರೆಕ್ಷಣ ತಡೆದು, ಈ ಖಾನೆಯಲ್ಲಿ ಯಾರೋ ಬೇರೆ ಒತ್ತುಗಳನ್ನು ಕಲಸಿಬಿಟ್ಟಿದ್ದಾರೆ ಎಂದು ಗೊಣಗಿದರು. ಸ್ಟಿಕ್ಕಿನಲ್ಲಿ ಜೋಡಣೆಯಾದ ಅಕ್ಷರಗಳು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಇದ್ದುದರಿಂದ ಮಕ್ಕಳಲ್ಲಿ ಒಬ್ಬರಿಗೂ ಓದಲಾಗಲಿಲ್ಲ. ಶಾಯಿ ಸವರಿ ಕಾಗದವನ್ನು ಒತ್ತಿ ತೆಗೆದಾಗ ಲಕ್ಕುಂಡಿ ಎಂಬ ಹೆಸರು ನೆಟ್ಟಗೆ, ಕಪ್ಪಗೆ ಮೂಡಿತ್ತು. ಶಾಯಿ ಆರದ ಆ ಚೀಟಿಯನ್ನು ಹುಡುಗಿ ಎರಡೂ ಕೈಯಲ್ಲಿ ಅಂಗಾತ ಹಿಡಿದುಕೊಂಡು, ಹಾಲಿನ ತುಂಬ ಒಬ್ಬೊಬ್ಬರಿಗೇ ತೋರಿಸುತ್ತ ಓಡಾಡಿದಳು.

ಇಷ್ಟರವರೆಗೆ ನನಗೆ ತಕರಾರಿಲ್ಲ. ಇಷ್ಟು ಒಳ್ಳೆಯ ಪ್ರದರ್ಶನವನ್ನು ನಾನು ದೊಡ್ಡ ಊರುಗಳ ವಸ್ತುಸಂಗ್ರಹಾಲಯಗಳಲ್ಲಿಯೂ ನೋಡಿದ್ದು ಕಡಿಮೆ. ಆದರೆ ಆಮೇಲೆ ಆ ಹಿರಿಯರು ಎದ್ದು ನಿಂತು, ಎದುರಿಗಿದ್ದ ಕಪಾಟಿನತ್ತ ಬೆರಳು ಮಾಡಿ, “ನಮ್ಮ ಪ್ರೆಸ್ಸಿನ್ಯಾಗ ಅಚ್ಚಾದ ಪುಸ್ತಕ ಅಲ್ಲಿ ಅದಾವ್ರೀ, ಒಂದು ತಗದು ಈ ಹುಡುಗರಿಗೆ ತೋರಸ್ರಿ” ಎಂದರು. ಕಪಾಟಿಗೆ ಕೀಲಿ ಹಾಕಿತ್ತು. ಕೀಲಿಕೈ ಇದ್ದವರು ಅಂದು ರಜೆಯಲ್ಲಿದ್ದರು. ಹಿರಿಯರು ಕಪಾಟಿನ ಗಾಜಿನ ಹತ್ತಿರ ಹೋಗಿ ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಸ್ವಲ್ಪ ಹೊತ್ತು ಓದಿಕೊಂಡು, ಮತ್ತೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಆ ಸಂಜೆ ನಾನಿದ್ದಷ್ಟು ಹೊತ್ತಿನಲ್ಲಿ, ಅಷ್ಟು ಮಂದಿ ಬಂದು ಹೋದ ಆ ಕಟ್ಟಡದಿಂದ ಒಂದೇ ಒಂದು ಪುಸ್ತಕವೂ ಯಾರ ಮನೆಗೂ ಹೋದದ್ದನ್ನು ನಾನು ಕಾಣಲಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಗ್ರಂಥಾಲಯದಲ್ಲಿ ನಡೆಯುವ ಪ್ರದರ್ಶನವು ಕಪಾಟಿನ ಬಾಗಿಲು ತೆರೆಸದೆ ಹೋದರೆ ಅದನ್ನು ಕಲ್ಯಾಣ ಮಂಟಪದಲ್ಲಿಯೇ ಮಾಡಬಹುದು. ಅಲ್ಲಿ ಊಟದ ವ್ಯವಸ್ಥೆಯಾದರೂ ಚೆನ್ನಾಗಿರುತ್ತದೆ. ಎಷ್ಟು ಜನ ಬಂದರು, ಯಾರು ಉದ್ಘಾಟಿಸಿದರು, ಪತ್ರಿಕೆಯಲ್ಲಿ ಎಷ್ಟು ಕಾಲಮ್ಮಿನ ಸುದ್ದಿ ಬಂತು ಎಂಬ ಲೆಕ್ಕಗಳಿಗಿಂತ, ಆ ವಾರ ಯಾವ ಪುಸ್ತಕಗಳು ಎಷ್ಟು ಕಾಲದ ನಂತರ ಮೊದಲ ಬಾರಿಗೆ ಎರವಲು ಹೋದವು ಎಂಬ ಲೆಕ್ಕವನ್ನು ಇಟ್ಟರೆ ಸಾಕು, ಕಾರ್ಯಕ್ರಮದ ಗುಣ ತಾನಾಗಿಯೇ ಗೊತ್ತಾಗುತ್ತದೆ. ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬ ಎರಡನೆಯ ಸೂತ್ರವನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಮೂರನೆಯ ಸೂತ್ರವೇ ಕಷ್ಟದ್ದು, ಏಕೆಂದರೆ ಓದುಗನಾದರೆ ಬಂದು ಕೇಳುತ್ತಾನೆ, ಕಪಾಟಿನೊಳಗಿನ ಪುಸ್ತಕಕ್ಕೆ ಬಾಯಿಲ್ಲ. ಅದರ ಪರವಾಗಿ ಬಾಯಿ ತೆರೆಯುವ ಕೆಲಸವನ್ನೇ ಪ್ರದರ್ಶನ ಮಾಡಬೇಕಾದದ್ದು.

ಆ ಲಕ್ಕುಂಡಿಯ ಹುಡುಗಿಯ ವಿಷಯಕ್ಕೇ ಮತ್ತೆ ಬರುತ್ತೇನೆ. ಗದಗಿನಿಂದ ಕೂಗಳತೆಯ ದೂರದಲ್ಲಿರುವ ಆಕೆಯ ಊರಿನಲ್ಲಿ 1007ರ ಶಾಸನವೊಂದಿದೆ. ಅದು ಅತ್ತಿಮಬ್ಬೆಯನ್ನು ಕುರಿತದ್ದು. ಕವಿ ಪೊನ್ನನ ಶಾಂತಿಪುರಾಣ ನಶಿಸಿ ಹೋಗಬಾರದೆಂದು ಅದರ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಓಲೆಗರಿಯ ಕಾಲದಲ್ಲಿ, ಅಂದರೆ ಒಂದೊಂದು ಪ್ರತಿಯನ್ನೂ ಒಬ್ಬ ಲಿಪಿಕಾರ ಕೂತು ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ, 1000 ಪ್ರತಿ ಎಂದರೆ ಏನೆಂಬುದನ್ನು ಊಹಿಸಿಕೊಳ್ಳಿ. ಇವತ್ತು ಒಂದು ಕನ್ನಡ ಕವನ ಸಂಕಲನದ ಮೊದಲ ಮುದ್ರಣಕ್ಕೂ ಪ್ರಕಾಶಕರು ಅಷ್ಟು ಪ್ರತಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಶಾಯಿ ಆರದ ಚೀಟಿಯನ್ನು ಹಿಡಿದು ನಿಂತಿದ್ದ ಹುಡುಗಿಗೆ ಈ ಸಂಗತಿಯನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು, ಮತ್ತು ಮಕ್ಕಳು ಓದಬಹುದಾದ ಅತ್ತಿಮಬ್ಬೆಯ ಒಂದು ಸಣ್ಣ ಚರಿತ್ರೆಯನ್ನು ಆಕೆಯ ಕೈಗೆ ಕೊಟ್ಟು ಕಳಿಸಬಹುದಾಗಿತ್ತು. ಮೇಜಿನ ಹಿಂದಿನ ಗೋಡೆಯ ಮೇಲೆ ಮಾತ್ರ ಗಣ್ಯರ ಭಾವಚಿತ್ರಗಳ ಫ್ಲೆಕ್ಸು ಇತ್ತು.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ಅದೇ 14ರಿಂದ 20ರವರೆಗೆ ಸಹಕಾರ ಸಪ್ತಾಹವೂ ನಡೆಯುತ್ತದೆ ಎಂಬುದನ್ನು ಗಮನಿಸಿದ್ದೀರಾ? ಬೇರೆ ಜಿಲ್ಲೆಯವರಿಗೆ ಇದು ಬರೀ ಕಾಕತಾಳೀಯ ಅನ್ನಿಸಬಹುದು. ಗದಗಿನವರಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗದು, ಏಕೆಂದರೆ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿನದೇ ಹಳ್ಳಿ. ಒಂದು ಇಲಾಖೆ ಒಂದು ಕಟ್ಟಡದಲ್ಲಿ ಸಹಕಾರದ ಬಗ್ಗೆ ಭಾಷಣ ಮಾಡಿಸುತ್ತದೆ, ಇನ್ನೊಂದು ಇಲಾಖೆ ಅದೇ ವಾರ ಇನ್ನೊಂದು ಕಟ್ಟಡದಲ್ಲಿ ಓದಿನ ಬಗ್ಗೆ ಭಾಷಣ ಮಾಡಿಸುತ್ತದೆ, ಮತ್ತು ಎರಡೂ ಕಡೆ ಶಾಲು ಹೊದಿಸಿಕೊಳ್ಳುವವರು ಬಹುಪಾಲು ಒಬ್ಬರೇ. ಸಂಘಗಳ ಹಳೆಯ ಠರಾವು ಪುಸ್ತಕ, ಷೇರು ಪತ್ರ, ಸಾಲದ ಖಾತೆಗಳನ್ನು ಒಂದು ವಾರದ ಮಟ್ಟಿಗೆ ಗ್ರಂಥಾಲಯಕ್ಕೆ ತಂದು ಮೇಜಿನ ಮೇಲೆ ಬಿಡಿಸಿಟ್ಟರೆ, ಅಜ್ಜನ ಹೆಸರು ಹುಡುಕಿಕೊಂಡು ರೈತರು ತಾವಾಗಿಯೇ ಬರುತ್ತಾರೆ. ಹಾಗೆ ಬಂದವರ ಕೈಗೆ ಎಟುಕುವಂತೆ ಪಕ್ಕದಲ್ಲಿ ಕೃಷಿ ಮತ್ತು ಗ್ರಾಮ ಚರಿತ್ರೆಯ ಪುಸ್ತಕಗಳು ಇರಬೇಕು, ಮತ್ತು ಸದಸ್ಯತ್ವದ ಅರ್ಜಿ ತುಂಬಿಸಿಕೊಳ್ಳುವವರು ಅಲ್ಲಿಯೇ ಕೂತಿರಬೇಕು.

ಜನ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೋಂಟದಾರ್ಯ ಮಠದಲ್ಲಿ ಸೋಮವಾರದ ಶಿವಾನುಭವವೆಂಬ ಉಪನ್ಯಾಸ ಕಾರ್ಯಕ್ರಮವನ್ನು ದಶಕಗಳಿಂದ ನಡೆಸಿಕೊಂಡು ಬಂದ ಊರು ಇದು. ನಿಗದಿತ ದಿನ, ನಿಗದಿತ ಹೊತ್ತು ಮತ್ತು ತಪ್ಪದ ನಡವಳಿಕೆ ಇದ್ದರೆ ಕೆಲಸ ಬಿಟ್ಟು ಬಂದು ಕೂತು ಕೇಳುವ ಅಭ್ಯಾಸ ಇಲ್ಲಿಯ ಜನಕ್ಕೆ ಹೊಸದೇನಲ್ಲ. ಕುಮಾರವ್ಯಾಸ ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಭಾರತವನ್ನು ಬರೆದನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ತಿಂಗಳಿಗೊಂದು ಸಂಜೆ ಗ್ರಂಥಾಲಯದ ಅಂಗಳದಲ್ಲಿ ಒಂದು ಸಂಧಿಯನ್ನು ಗಮಕದಲ್ಲಿ ಓದಿಸಿ ಅರ್ಥ ಹೇಳಿಸಲಾರೆವೆ? ಅದಕ್ಕೆ ಒಂದು ಮೈಕೂ ಬೇಡ. ವರ್ಷಕ್ಕೊಮ್ಮೆ ಏಳು ದಿನ ಗದ್ದಲ ಮಾಡಿ ಉಳಿದ ದಿನ ಸುಮ್ಮನಿರುವ ಪದ್ಧತಿಯಿಂದ ಯಾರಿಗೂ ಅಭ್ಯಾಸ ಹುಟ್ಟುವುದಿಲ್ಲ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪಣೆ ಮಾತ್ರ ಬೇರೆಯದು, ಮತ್ತು ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಧಾರವಾಡದಲ್ಲಾಗಲಿ ಗದಗಿನಲ್ಲಾಗಲಿ ವಾಚನಾಲಯದ ಕುರ್ಚಿಗಳನ್ನು ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹಿಡಿಯುವವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣ ತರುಣಿಯರು. ಬಾಡಿಗೆ ಕೋಣೆಯಲ್ಲಿ ನಾಲ್ವರು ಇರುವ, ಊರಿನಿಂದ ರೊಟ್ಟಿಯ ಗಂಟು ಬರುವುದನ್ನೇ ಕಾಯುವ ಆ ಮಕ್ಕಳಿಗೆ ಫ್ಯಾನು, ಬೆಳಕು ಮತ್ತು ಮೌನ ಸಿಗುವ ಜಾಗ ಅದೊಂದೇ. ಅಲ್ಲಿ ನೀವು ಡೊಳ್ಳು ಬಾರಿಸಿದರೆ ಅವರು ಎಲ್ಲಿಗೆ ಹೋಗಬೇಕು? ಅವರ ಮೌನವನ್ನು ಕೆಡಿಸಿ ನಡೆಸುವ ಯಾವ ಕಾರ್ಯಕ್ರಮವೂ ನನಗೆ ಬೇಡ. ಅಂಗಳ ಇದ್ದರೆ ಅಂಗಳದಲ್ಲಿ, ಇಲ್ಲದಿದ್ದರೆ ಮಕ್ಕಳ ವಿಭಾಗದಲ್ಲಿ, ಅದೂ ಇಲ್ಲದಿದ್ದರೆ ಪಕ್ಕದ ಶಾಲೆಯಲ್ಲಿ ಭಾನುವಾರ ಮಾಡೋಣ. ಆದರೆ ಇನ್ನೊಂದು ಮಾತನ್ನೂ ಹೇಳದೆ ಇರಲಾರೆ. ಈ ಓದುಗರಲ್ಲಿ ಬಹಳ ಮಂದಿ ತಮ್ಮ ಪುಸ್ತಕವನ್ನು ತಾವೇ ತಂದು, ಓದಿ, ಒಯ್ಯುತ್ತಾರೆ. ಬೆನ್ನ ಹಿಂದಿನ ಕಪಾಟಿನಲ್ಲಿ ಏನಿದೆ ಎಂದು ತಿರುಗಿ ನೋಡಿರುವುದಿಲ್ಲ. ಇಲ್ಲಿ ಗದ್ದಲವಿಲ್ಲದ ಪ್ರದರ್ಶನಕ್ಕೆ ಜಾಗವಿದೆ. ಸಹಕಾರ ಚಳವಳಿಯ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ ಎಂದಾದರೆ, ನೀರಿನ ಕೊಡದ ಪಕ್ಕದ ಸಣ್ಣ ಮೇಜಿನ ಮೇಲೆ ಆ ವಿಷಯದ ಹತ್ತು ಪುಸ್ತಕಗಳನ್ನು, ಪ್ರತಿಯೊಂದಕ್ಕೂ ಎರಡು ಸಾಲಿನ ಚೀಟಿ ಸಿಕ್ಕಿಸಿ, ಸುಮ್ಮನೆ ಇಟ್ಟುಬಿಟ್ಟರೆ ಆಯಿತು. ನೀರು ಕುಡಿಯಲು ಎಲ್ಲರೂ ಏಳುತ್ತಾರೆ.

ದುಡ್ಡಿನ ಮಾತು ಹೆಚ್ಚು ಬೆಳೆಸುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಚಲನ್ ತೆಗೆದು ನೋಡಿದರೆ ಕಾಣುತ್ತದೆ. ಆದ್ದರಿಂದ ಕೇಳುವ ಹಕ್ಕು ನಮಗಿದೆ. ಹಳ್ಳಿಗಳಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಮರುವರ್ಷ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಅರಿವು ಕೇಂದ್ರವೆಂಬ ಫಲಕ ಹೊತ್ತ ಆ ಒಂದೆರಡು ಕೋಣೆಗಳಲ್ಲಿ ಮಕ್ಕಳು ನೆಲದ ಮೇಲೆ ಬೋರಲಾಗಿ ಮಲಗಿ ಚಿತ್ರಕಥೆ ಓದುವುದನ್ನು ಕಂಡಾಗ, ನಗರದ ನಮ್ಮ ದೊಡ್ಡ ಕಟ್ಟಡಗಳು ಅವುಗಳಿಂದ ಕಲಿಯಬೇಕಾದದ್ದಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಪ್ರದರ್ಶನದ ಆಸೆ ನನಗೆ ಬಹಳ ದಿನಗಳಿಂದ ಇದೆ. ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಬ್ರೈಲ್ ಲಿಪಿ ಈ ಊರಿಗೆ ಅಪರಿಚಿತವಲ್ಲ. ಕಣ್ಣಿಲ್ಲದ ಒಬ್ಬ ವಿದ್ಯಾರ್ಥಿ ಬೆರಳಿನಿಂದ ಓದುತ್ತ ಕಥೆ ಹೇಳುವ, ಕಣ್ಣಿದ್ದವರು ದೀಪ ಆರಿಸಿದ ಕೋಣೆಯಲ್ಲಿ ಕೂತು ಕೇಳುವ ಒಂದು ಸಂಜೆ ನಮ್ಮ ಗ್ರಂಥಾಲಯದಲ್ಲಿ ನಡೆಯಬೇಕು. ಅಂದು ಮುಟ್ಟಿ ನೋಡಬಹುದಾದ ಬ್ರೈಲ್ ಪುಸ್ತಕಗಳನ್ನು ಗಾಜಿನೊಳಗೆ ಇಟ್ಟು ಮುಟ್ಟಬೇಡಿ ಎಂದು ಬರೆದು ಹಚ್ಚದಿದ್ದರೆ ನಮ್ಮ ಪುಣ್ಯ.

ಕಂಪೋಸಿಟರ್ ಹಿರಿಯರು ಕೇಳಿದ ಪುಸ್ತಕದ ಬಾಕಿ ಹಾಗೆಯೇ ಉಳಿದಿದೆ. ಅದನ್ನು ತೀರಿಸಲು ನಾವು ಕೆಲವು ಗೆಳೆಯರು ಸೇರಿ ಒಂದು ಕೆಲಸ ಹಿಡಿದಿದ್ದೇವೆ. ಗದಗ-ಬೆಟಗೇರಿಯಲ್ಲಿ ಅಚ್ಚಾದ ಪುಸ್ತಕಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಗ್ರಂಥಾಲಯದಲ್ಲಿ ಇರುವವನ್ನೆಲ್ಲ ಹೊರತೆಗೆಸಿ, ಮುದ್ರಕರ ಹೆಸರಿರುವ ಪುಟವನ್ನೇ ತೆರೆದು ಮೇಜಿನ ಮೇಲೆ ಸಾಲಾಗಿ ಇಡಿಸಬೇಕೆಂದಿದ್ದೇವೆ. ನೋಡಿದವರು ಕೇಳಿದರೆ ಅಲ್ಲಿಯೇ ಬರೆಸಿಕೊಂಡು ಮನೆಗೆ ಒಯ್ಯಬಹುದು. ನಿಮ್ಮ ಮನೆಯ ಅಟ್ಟದ ಮೇಲೆ, ದೇವರ ಕೋಣೆಯ ಗೂಡಿನಲ್ಲಿ, ಹಳೆಯ ಟ್ರಂಕಿನಲ್ಲಿ ಗದಗಿನಲ್ಲಿ ಅಚ್ಚಾದ ಪುರಾಣ, ಪಂಚಾಂಗ, ನಾಟಕದ ಪುಸ್ತಕ, ಏನೇ ಸಿಕ್ಕರೂ ಮುದ್ರಕರ ಪುಟದ ಒಂದು ಫೋಟೊ ತೆಗೆದು ನಮಗೆ ಕಳಿಸಿ. ಹೊದಿಕೆ ಹರಿದಿದ್ದರೂ, ವರ್ಷದ ಅಂಕಿಯನ್ನು ಹುಳ ತಿಂದಿದ್ದರೂ ಚಿಂತೆಯಿಲ್ಲ, ಪ್ರೆಸ್ಸಿನ ಹೆಸರು ಓದಲು ಬಂದರೆ ಸಾಕು.