ಹೇಗೂ ಪೇಟೆಗೆ ಹೋಗ್ತೀರಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಬದುವಿನ ಮೇಲೆ ಒಂದು ಪೆಟ್ಟಿಗೆ ಇಟ್ಟಿದ್ದೆ. ಒಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಯುವ ಸಣ್ಣ ಕಂಪ್ಯೂಟರ್ ಬೋರ್ಡು, ಒಂದು ಬ್ಯಾಟರಿ. ನಾಲೆ ನೀರು ಗದ್ದೆಗೆ ಬಂತಾ ಅಂತ ನೋಡಿ ಫೋನಿಗೆ ತಿಳಿಸುವುದಷ್ಟೇ ಅದರ ಕೆಲಸ. ವಾರ ಬರಬೇಕಿದ್ದ ಬ್ಯಾಟರಿ ಎರಡೇ ದಿನಕ್ಕೆ ಖಾಲಿ. ರಾತ್ರಿ ಟಾರ್ಚ್ ಹಿಡಿದು ಹೋಗಿ ಮುಚ್ಚಳ ತೆಗೆದೆ, ಹೊಸ ಬ್ಯಾಟರಿ ಹಾಕಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರೊಸೆಸರ್ ಚಿಪ್ ಮೇಲೆ ಬೆರಳಿಟ್ಟೆ. ನಾಲೆಯಲ್ಲಿ ನೀರಿಲ್ಲ, ತಿಳಿಸುವ ಸುದ್ದಿ ಒಂದೂ ಇಲ್ಲ. ಆದರೂ ಚಿಪ್ ಬೆಚ್ಚಗಿತ್ತು.

ಕೆಲಸವಿಲ್ಲದ ಪ್ರೊಸೆಸರ್ ನಿದ್ದೆಗೆ ಜಾರುತ್ತದೆ. ನಿದ್ದೆ ಆಳವಾದಷ್ಟೂ ಕರೆಂಟು ಉಳಿಯುತ್ತದೆ. ಆದರೆ ಆಳಕ್ಕೆ ಇಳಿಯುವುದಕ್ಕೂ ಮತ್ತೆ ಏಳುವುದಕ್ಕೂ ಖರ್ಚಿದೆ. ಗಳಿಗೆಗೊಮ್ಮೆ ತಟ್ಟಿ ಎಬ್ಬಿಸಿದರೆ ಅದು ಇಳಿಯುವುದೇ ಇಲ್ಲ. ಹಸುಗೂಸಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲೆಲ್ಲ ಲಿನಕ್ಸಿನ ತಿರುಳಾದ ಕರ್ನಲ್ಲೇ ಹೀಗೆ ಎಬ್ಬಿಸುತ್ತಿತ್ತು. ಕೆಲಸ ಇರಲಿ ಬಿಡಲಿ, ಸೆಕೆಂಡಿಗೆ 100, 250, ಕೆಲವು ಕಡೆ 1000 ಸಲ. 2007ರಲ್ಲಿ ಕರ್ನಲ್ಲಿನ 2.6.21 ಆವೃತ್ತಿ ಬಂದಾಗ, ಬಿಡುವಿನ ಹೊತ್ತಲ್ಲಿ ಹೀಗೆ ಎಬ್ಬಿಸುವ ಆ ಟಿಕ್ ನಿಲ್ಲಿಸುವ ಏರ್ಪಾಡು ಬಂತು. ಯಾರು ಎಬ್ಬಿಸುತ್ತಿದ್ದಾರೆ ಅಂತ ಹೆಸರು ಹಿಡಿದು ತೋರಿಸುವ ಪವರ್‌ಟಾಪ್ ಎಂಬ ಪ್ರೋಗ್ರಾಮನ್ನು ಇಂಟೆಲ್ ಕೊಟ್ಟಿದ್ದೂ ಅದೇ ವರ್ಷ. ಅದನ್ನು ನನ್ನ ಬೋರ್ಡಿನಲ್ಲಿ ನಡೆಸಿ ನೋಡಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ನಾನು ಬರೆದ ಡ್ರೈವರ್, ಅಂದರೆ ನೀರಿನ ಸೆನ್ಸರನ್ನು ನೋಡಿಕೊಳ್ಳುವ ಪ್ರೋಗ್ರಾಮು. 100 ಮಿಲಿಸೆಕೆಂಡಿಗೊಮ್ಮೆ ನೀರು ಬಂತಾ, ನೀರು ಬಂತಾ ಅಂತ ಕೇಳುತ್ತಿತ್ತು. ದಿನಕ್ಕೆ 8,64,000 ಸಲ.

ಹಾಗೆ ಕೇಳಿಸುತ್ತಿದ್ದ ಟೈಮರನ್ನೇ ಕಿತ್ತುಹಾಕಿದೆ. ನೀರು ಮುಟ್ಟಿದಾಗ ಸೆನ್ಸರೇ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ಎಬ್ಬಿಸುವ ಸಂಕೇತ, ಕೊಡುತ್ತದೆ, ಆಗ ಎದ್ದರೆ ಸಾಕು.

ಉಳಿದದ್ದು ಬ್ಯಾಟರಿ ಮಟ್ಟ ಬರೆದಿಡುವ ಟೈಮರ್. ಅದನ್ನು ಡಿಫರಬಲ್, ಅಂದರೆ ಮುಂದೂಡಬಹುದಾದದ್ದು, ಮಾಡಿದೆ. ನಮ್ಮೂರಲ್ಲಿ ಒಂದು ದಾರದುಂಡೆಗೋಸ್ಕರ ಯಾರೂ ಮಂಡ್ಯದ ಬಸ್ ಹತ್ತುವುದಿಲ್ಲ. "ಅಕ್ಕಾ, ಹೇಗೂ ಪೇಟೆಗೆ ಹೋಗ್ತೀರಲ್ಲ, ನಮಗೂ ಒಂದು ತನ್ನಿ" ಅಂತ ಪಕ್ಕದ ಮನೆಯವರಿಗೆ ಹೇಳುತ್ತೇವೆ, ಅಲ್ವಾ? ಡಿಫರಬಲ್ ಟೈಮರೂ ಹಾಗೆ. ಹೊತ್ತು ಮೀರಿದರೂ ಮಲಗಿದ ಪ್ರೊಸೆಸರನ್ನು ಎಬ್ಬಿಸುವುದಿಲ್ಲ. ಪ್ರೊಸೆಸರ್ ಬೇರೆ ಯಾವುದಕ್ಕೋ ಎದ್ದಾಗ ಟೈಮರ್ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಎಬ್ಬಿಸಲೇಬೇಕು, ಆದರೆ ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ ಅನ್ನುವಂಥ ಟೈಮರುಗಳಿಗೆ ಕರ್ನಲ್ಲಿನಲ್ಲಿ ರೌಂಡ್ ಜಿಫೀಸ್ ಅನ್ನುವ ಏರ್ಪಾಡು ಇದೆ. ಹೊತ್ತನ್ನು ಪೂರ್ತಿ ಸೆಕೆಂಡಿಗೆ ಸರಿಸುತ್ತದೆ, ಹತ್ತು ಟೈಮರ್ ಒಂದೇ ಬಸ್ಸಿಗೆ ಸೇರಿಕೊಳ್ಳುತ್ತವೆ.

ಈಗ ಚಿಪ್ ಮುಟ್ಟಿದರೆ ತಣ್ಣಗಿದೆ. ಇದೇ ಪೆಟ್ಟಿಗೆಗೆ ಬೋರ್‌ವೆಲ್ ಮೋಟಾರನ್ನೂ ಸೇರಿಸು ಅಂತ ಅಪ್ಪ ಹೇಳುತ್ತಿದ್ದಾರೆ. ನೀರಿಲ್ಲದೆ ಓಡುವ ಮೋಟಾರನ್ನು ನಿಲ್ಲಿಸುವ ಟೈಮರ್ ಮಾತ್ರ ಡಿಫರಬಲ್ ಆಗಬಾರದು. ಪ್ರೊಸೆಸರ್ ತಾನಾಗಿ ಏಳುವಷ್ಟರಲ್ಲಿ ಮೋಟಾರ್ ಸುಟ್ಟಿರುತ್ತದೆ. ಅದಕ್ಕೆ ಮಾಮೂಲಿ ಟೈಮರನ್ನೇ ಬರೆಯುತ್ತಿದ್ದೇನೆ.

ನಮಸ್ಕಾರ.